ಬ್ಯಾಂಕಾಕಿನ ಒಂದು ಸಂಜೆ: ಖಾಸಗಿ ಮಾರ್ಗದರ್ಶಿಯ ಸೇವೆ ಮತ್ತು ವರ್ತಕರ ಲೆಕ್ಕಾಚಾರ

ಥಾಯ್ಲೆಂಡಿನ ರಾಜಧಾನಿ ಬ್ಯಾಂಕಾಕ್ ಕರ್ನಾಟಕದ ವರ್ತಕರಿಗೂ ಸಣ್ಣ ಉದ್ದಿಮೆದಾರರಿಗೂ ಇಂದು ದೂರದ ಊರಲ್ಲ. ಬೆಂಗಳೂರಿನಿಂದ ನೇರ ವಿಮಾನದಲ್ಲಿ ಹೊರಟರೆ ಸುಮಾರು ನಾಲ್ಕು ಗಂಟೆಗಳ ಪ್ರಯಾಣ. ಗಡಿಯಾರವನ್ನು ಒಂದೂವರೆ ಗಂಟೆ ಮುಂದಕ್ಕೆ ತಿರುಗಿಸಿಕೊಂಡರೆ ಆಯಿತು. ರತ್ನಾಭರಣಗಳ ಮೇಳಕ್ಕೆ, ಆಹಾರ ಸಂಸ್ಕರಣಾ ಯಂತ್ರಗಳ ಪ್ರದರ್ಶನಕ್ಕೆ, ಸಿದ್ಧ ಉಡುಪು ಮತ್ತು ಅಲಂಕಾರ ಸಾಮಗ್ರಿಗಳ ಖರೀದಿಗೆ ಪ್ರತಿವರ್ಷವೂ ಅಲ್ಲಿಗೆ ಹೋಗಿಬರುವವರಿದ್ದಾರೆ. ಇಂತಹ ಪ್ರವಾಸದಲ್ಲಿ ಹಗಲು ಹೇಗೆ ಕಳೆಯುತ್ತದೆ ಎಂಬುದು ಮೊದಲೇ ನಿಶ್ಚಿತವಾಗಿರುತ್ತದೆ. ಪ್ರದರ್ಶನ ಮಳಿಗೆಗಳು ಸಂಜೆ ಆರರ ಹೊತ್ತಿಗೆ ಮುಚ್ಚಿದ ಮೇಲೆ ಉಳಿಯುವ ಐದಾರು ಗಂಟೆಗಳ ಬಗ್ಗೆ ಮಾತ್ರ ಯಾರೂ ಮುಂಚಿತವಾಗಿ ಯೋಚಿಸಿರುವುದಿಲ್ಲ. ಹೋಟೆಲಿನ ಮೊಗಸಾಲೆಯಲ್ಲಿ ಜೋಡಿಸಿಟ್ಟ ಬಣ್ಣದ ಕರಪತ್ರಗಳು ಆಗ ಕಣ್ಣಿಗೆ ಬೀಳುತ್ತವೆ. 'ಖಾಸಗಿ ಮಾರ್ಗದರ್ಶಿಯೊಂದಿಗೆ ರಾತ್ರಿಯ ಬ್ಯಾಂಕಾಕ್' ಎಂಬ ಒಂದೇ ಹೆಸರಿನಡಿ ಒಂದರಲ್ಲಿ ತಲೆಗೆ ಐದುನೂರು ಬಹ್ತ್, ಇನ್ನೊಂದರಲ್ಲಿ ಅದರ ನಾಲ್ಕು ಪಟ್ಟು ದರ ಕಾಣಿಸಿದರೂ ಆಶ್ಚರ್ಯವಿಲ್ಲ.

ಒಂದೇ ಸರಕಿಗೆ ಇಷ್ಟೊಂದು ದರವ್ಯತ್ಯಾಸವಿದ್ದರೆ ಅನುಭವಿ ವರ್ತಕರು ಮೊದಲು ಕೇಳುವುದು ಸರಕು ಒಂದೇ ಹೌದೋ ಅಲ್ಲವೋ ಎಂಬುದನ್ನು. ಊರಿನ ಸಗಟು ಪೇಟೆಯಲ್ಲಿ ಸದಾ ಜಾಗೃತವಾಗಿರುವ ಈ ಬುದ್ಧಿ ವಿದೇಶದ ಸಂಜೆಯಲ್ಲಿ ಏಕೋ ವಿಶ್ರಾಂತಿಗೆ ಜಾರುತ್ತದೆ.

ಖರೀದಿಸುತ್ತಿರುವುದು ಏನನ್ನು?

ಪ್ರವಾಸೋದ್ಯಮದ ಪರಿಭಾಷೆಯಲ್ಲಿ 'ಖಾಸಗಿ' ಎಂಬ ಪದಕ್ಕೆ ಸೀಮಿತವಾದ ಅರ್ಥವಿದೆ. ಪ್ರವಾಸಿಯ ತಂಡದೊಡನೆ ಅಪರಿಚಿತರನ್ನು ಸೇರಿಸುವುದಿಲ್ಲ, ಮಾರ್ಗದರ್ಶಿಯ ಸಮಯ ಸಂಪೂರ್ಣವಾಗಿ ಆ ತಂಡಕ್ಕೆ ಮೀಸಲು, ಹಾದಿಯನ್ನು ತಂಡದ ಇಚ್ಛೆಯಂತೆ ಹಿಗ್ಗಿಸಬಹುದು, ಕುಗ್ಗಿಸಬಹುದು ಎಂಬುದಷ್ಟೇ ಅದರ ತಾತ್ಪರ್ಯ. ವಾಹನ, ಊಟ, ಪ್ರವೇಶ ಶುಲ್ಕ, ದೋಣಿಯ ದರ ಇವುಗಳು ಸೇರಿವೆಯೋ ಇಲ್ಲವೋ ಎಂಬುದು ಆ ಪದದಿಂದ ತಿಳಿಯುವುದಿಲ್ಲ. ಪ್ರತ್ಯೇಕವಾಗಿ ಕೇಳಿ ಬರಹದಲ್ಲಿ ಪಡೆಯಬೇಕು.

ಇಲ್ಲಿ ಮುಖ್ಯ ಸರಕು ಮಾರ್ಗದರ್ಶಿಯ ತಿಳಿವಳಿಕೆ ಮತ್ತು ಸಮಯ. ಥಾಯ್ಲೆಂಡಿನಲ್ಲಿ ಈ ವೃತ್ತಿ ಕಾನೂನಿನ ಕಟ್ಟುಪಾಡಿಗೆ ಒಳಪಟ್ಟಿದೆ. 2008ರ ಪ್ರವಾಸೋದ್ಯಮ ವ್ಯವಹಾರ ಮತ್ತು ಮಾರ್ಗದರ್ಶಿಗಳ ಕಾಯ್ದೆಯ ಪ್ರಕಾರ ಪ್ರವಾಸ ಸಂಸ್ಥೆಯು ಪರವಾನಗಿ ಹೊಂದಿ ಸರ್ಕಾರದಲ್ಲಿ ಭದ್ರತಾ ಠೇವಣಿ ಇಟ್ಟಿರಬೇಕು. ಮಾರ್ಗದರ್ಶಿಯೂ ಪ್ರತ್ಯೇಕ ಪರವಾನಗಿ ಪಡೆದು, ಭಾವಚಿತ್ರ ಹಾಗೂ ಸಂಖ್ಯೆಯುಳ್ಳ ಗುರುತಿನ ಚೀಟಿಯನ್ನು ಕೆಲಸದ ವೇಳೆಯಲ್ಲಿ ಕಾಣುವಂತೆ ಧರಿಸಿರಬೇಕು. ಈ ವೃತ್ತಿಯನ್ನು ಥಾಯ್ ಪ್ರಜೆಗಳಿಗೆ ಮಾತ್ರ ಮೀಸಲಿಡಲಾಗಿದೆ. ಕೊನೆಯ ಈ ಅಂಶವನ್ನು ಭಾರತೀಯ ವರ್ತಕರು ವಿಶೇಷವಾಗಿ ಗಮನಿಸಬೇಕು. ಹಿಂದಿ ಮಾತನಾಡುವ, 'ನಾನೂ ನಿಮ್ಮ ಕಡೆಯವನೇ' ಎಂದು ಪರಿಚಯಿಸಿಕೊಳ್ಳುವ ವ್ಯಕ್ತಿ ಹೋಟೆಲಿನ ಬಾಗಿಲಲ್ಲಿ ಸಿಗುವುದುಂಟು. ಆತ ಥಾಯ್ ಪೌರತ್ವವಿರುವ ಭಾರತೀಯ ಮೂಲದವನಾಗಿದ್ದು ಪರವಾನಗಿ ಪಡೆದಿದ್ದರೆ ಅಭ್ಯಂತರವಿಲ್ಲ, ಭಾಷೆಯ ಅನುಕೂಲವೂ ಉಂಟು. ಕೆಲಸ ಹುಡುಕಿಕೊಂಡು ಅಲ್ಲಿಗೆ ಹೋಗಿ ನೆಲೆಸಿರುವವನಾದರೆ ಆತನ ಸೇವೆ ಕಾನೂನುಬಾಹಿರ. ವಿವಾದವಾದಾಗ ದೂರು ಕೊಡಲು ಪ್ರವಾಸಿಗೆ ದಾಖಲೆಯೇ ಇರುವುದಿಲ್ಲ. ಪರವಾನಗಿ ಸಂಖ್ಯೆಯನ್ನು ಕೇಳುವುದು ಅಲ್ಲಿ ಅಸಭ್ಯತೆ ಎನಿಸುವುದಿಲ್ಲ. ಆ ದೇಶದ ಪ್ರವಾಸೋದ್ಯಮ ಇಲಾಖೆಯ ಅಂತರಜಾಲ ತಾಣದಲ್ಲಿ ಅದನ್ನು ಪರಿಶೀಲಿಸಲು ಅವಕಾಶವಿದೆ.

ಸಂಜೆಯ ಹಾದಿ

ಬ್ಯಾಂಕಾಕನ್ನು ಸಂಜೆಯಲ್ಲಿ ನೋಡುವುದಕ್ಕೆ ಹವಾಮಾನವೇ ಮೊದಲ ಕಾರಣ. ಮಾರ್ಚಿನಿಂದ ಮೇ ತಿಂಗಳವರೆಗಿನ ಹಗಲಿನಲ್ಲಿ ಕಲ್ಲುಹಾಸಿನ ದೇವಾಲಯದ ಅಂಗಳದಲ್ಲಿ ನಡೆಯುವುದು ಕರಾವಳಿಯವರಿಗೂ ಕಷ್ಟ; ಬಯಲುಸೀಮೆಯವರ ಮಾತಂತೂ ಹೇಳಬೇಕಾಗಿಲ್ಲ. ಮೇ ತಿಂಗಳ ಮಧ್ಯದಿಂದ ಅಕ್ಟೋಬರ್‌ವರೆಗೆ ಮಳೆಗಾಲ. ಆಗ ಸಂಜೆಯ ಹೊತ್ತಿಗೇ ಮಳೆ ಸುರಿಯುವುದು ಸಾಮಾನ್ಯವಾದುದರಿಂದ ಮಳೆ ಬಂದರೆ ಏನು ಏರ್ಪಾಡು, ಹಣ ವಾಪಸೋ ದಿನ ಬದಲಾವಣೆಯೋ ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳತಕ್ಕದ್ದು.

ನಾಲ್ಕು ಗಂಟೆಗಳ ಸಂಜೆಗೆ ಹೊಂದುವ ಹಾದಿಯೊಂದು ಚಾವೊ ಪ್ರಾಯಾ ನದಿಯ ದಡದಿಂದ ಆರಂಭವಾಗುತ್ತದೆ. ನದಿಯ ಪಶ್ಚಿಮ ದಡದಲ್ಲಿ ವಾಟ್ ಅರುಣ್, ಅಂದರೆ ಅರುಣ ದೇವಾಲಯ. ಅದರ ಗೋಪುರಗಳು ದೂರಕ್ಕೆ ಕೆತ್ತನೆಯಂತೆ ತೋರಿದರೂ ಹತ್ತಿರದಿಂದ ನೋಡಿದರೆ ಮೈತುಂಬ ಚೀನಾದ ಪಿಂಗಾಣಿ ಚೂರುಗಳೇ. ಚೀನಾದೊಡನೆ ವ್ಯಾಪಾರ ನಡೆಸುತ್ತಿದ್ದ ಹಡಗುಗಳು ಸಮತೋಲನಕ್ಕಾಗಿ ತುಂಬಿಕೊಂಡು ಬರುತ್ತಿದ್ದ ಪಿಂಗಾಣಿಯೇ ಹೀಗೆ ಹೂವು ಎಲೆಗಳಾಗಿ ಗೋಪುರಕ್ಕೆ ಏರಿತು ಎಂದು ಹೇಳಲಾಗುತ್ತದೆ. ವ್ಯರ್ಥವಾಗಬೇಕಿದ್ದ ಸರಕಿಗೆ ಇದಕ್ಕಿಂತ ಉತ್ತಮ ವಿಲೇವಾರಿ ಇರಲಾರದು. ಸೂರ್ಯಾಸ್ತದ ನಂತರ ದೀಪಾಲಂಕೃತವಾದ ಈ ಗೋಪುರಗಳನ್ನು ಎದುರು ದಡದಿಂದ ನೋಡುವುದು ಹೆಚ್ಚು ಸೊಗಸು.

ಎದುರು ದಡದಲ್ಲಿಯೇ ವಾಟ್ ಪೋ ಇದೆ. 46 ಮೀಟರ್ ಉದ್ದ, 15 ಮೀಟರ್ ಎತ್ತರದ ಮಲಗಿದ ಬುದ್ಧನ ವಿಗ್ರಹಕ್ಕೆ ಈ ಕ್ಷೇತ್ರ ಪ್ರಸಿದ್ಧ. ಥಾಯ್ ಅಂಗಮರ್ದನ ವಿದ್ಯೆಯ ತವರೂ ಇದೇ. ವೈದ್ಯಕೀಯವೂ ಸೇರಿದಂತೆ ಹಲವು ಶಾಸ್ತ್ರಗಳನ್ನು ಕೆತ್ತಿಸಿದ ಇಲ್ಲಿನ ಶಿಲಾಫಲಕಗಳನ್ನು ಯುನೆಸ್ಕೊ ಸಂಸ್ಥೆಯು 2011ರಲ್ಲಿ ವಿಶ್ವಸ್ಮೃತಿಯ ಪಟ್ಟಿಗೆ ಸೇರಿಸಿತು. ವಿಗ್ರಹವಿರುವ ಮಂದಿರ ರಾತ್ರಿಯಾಗುವ ಮೊದಲೇ ಮುಚ್ಚುತ್ತದೆ. 'ವಾಟ್ ಪೋ ದರ್ಶನ' ಎಂದು ಕರಪತ್ರದಲ್ಲಿದ್ದು ಹೊರಡುವ ವೇಳೆ ರಾತ್ರಿ ಎಂಟು ಗಂಟೆಯಾಗಿದ್ದರೆ, ನೋಡಸಿಗುವುದು ಹೊರಗಿನ ಗೋಡೆ ಮತ್ತು ಸ್ತೂಪಗಳು ಮಾತ್ರ ಎಂದು ತಿಳಿಯಬೇಕು. ಭುಜ ಹಾಗೂ ಮೊಣಕಾಲು ಮುಚ್ಚುವ ಉಡುಪು ಎಲ್ಲ ದೇವಾಲಯಗಳಲ್ಲಿಯೂ ಅಗತ್ಯ.

ಹೂವಿನ ಪೇಟೆ

ವಾಟ್ ಪೋದಿಂದ ದಕ್ಷಿಣಕ್ಕೆ ಹದಿನೈದು ನಿಮಿಷ ನಡೆದರೆ ಪಾಕ್ ಖ್ಲೋಂಗ್ ತಲಾತ್ ಸಿಗುತ್ತದೆ. ಹೆಸರಿನ ಅರ್ಥ 'ಕಾಲುವೆಯ ಬಾಯಿಯ ಸಂತೆ'. ನದಿಗೆ ಕಾಲುವೆ ಸೇರುವಲ್ಲಿ ಬೆಳೆದ ಈ ಪೇಟೆ ಇಂದು ಬ್ಯಾಂಕಾಕಿನ ಸಗಟು ಹೂವಿನ ಮಾರುಕಟ್ಟೆ. ಹಗಲಿನಲ್ಲಿಯೂ ತೆರೆದಿರುವುದಾದರೂ ಅದರ ನಿಜವಾದ ವಹಿವಾಟು ಕತ್ತಲಾದ ಮೇಲೆ ಆರಂಭವಾಗಿ ಬೆಳಗಿನ ಜಾವಕ್ಕೆ ತುದಿ ಮುಟ್ಟುತ್ತದೆ. ಸುತ್ತಣ ಪ್ರಾಂತಗಳ ಆರ್ಕಿಡ್, ಉತ್ತರದ ಬೆಟ್ಟಸೀಮೆಯ ಗುಲಾಬಿ, ತಾವರೆಯ ಮೊಗ್ಗು, ಚೆಂಡು ಹೂವು, ಮಲ್ಲಿಗೆ ಇವೆಲ್ಲವೂ ಲಾರಿಗಳಲ್ಲಿ ಬಂದಿಳಿದು, ಬೆಳಗಾಗುವುದರೊಳಗೆ ಹೋಟೆಲು, ದೇವಾಲಯ, ಬೀದಿಬದಿಯ ಹಾರದ ಅಂಗಡಿಗಳಿಗೆ ಹಂಚಿಹೋಗುತ್ತವೆ.

ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಯ ನಸುಕನ್ನು ಕಂಡವರಿಗೆ ಇಲ್ಲಿ ಹೊಸತೆನಿಸುವುದು ಹೂವಲ್ಲ, ಅದರ ಅಳತೆ. ಚೆಂಡು ಹೂವನ್ನು ಇಲ್ಲಿ ತೂಕಕ್ಕೆ ಬದಲಾಗಿ ಗಾತ್ರದ ಮೇಲೆ ಬೇರ್ಪಡಿಸಿ ನೂರರ ಎಣಿಕೆಯ ಚೀಲಗಳಲ್ಲಿ ಮಾರುವುದು ರೂಢಿ. ಮಲ್ಲಿಗೆ ಮೊಗ್ಗನ್ನು ಲೀಟರ್ ಲೆಕ್ಕದಲ್ಲಿ ಅಳೆಯುವ ಪದ್ಧತಿಯೂ ಇದೆ. ಅಟ್ಟೆ, ಚೆಂಡುಗಳ ಲೆಕ್ಕದಲ್ಲಿ ಉಡುಪಿ ಮಲ್ಲಿಗೆಯ ವ್ಯಾಪಾರ ಮಾಡುವವರಿಗೆ ಇದರ ಹಿಂದಿನ ತರ್ಕ ಬೇಗನೆ ಅರ್ಥವಾದೀತು. ಹೂವಿನ ತೂಕ ನೀರು ಚಿಮುಕಿಸಿದಂತೆ ಬದಲಾಗುತ್ತದೆ, ಎಣಿಕೆ ಬದಲಾಗುವುದಿಲ್ಲ. ಹಾರ ಕಟ್ಟುವವನಿಗೆ ಬೇಕಾದುದು ಒಂದೇ ಗಾತ್ರದ ಇಂತಿಷ್ಟು ಹೂವು. ಆತನ ಅಗತ್ಯಕ್ಕೆ ತಕ್ಕಂತೆ ಅಳತೆ ಹೊಂದಿಕೊಂಡಿದೆ. ಗಾತ್ರವಾರು ವಿಂಗಡಣೆಗೆ ಬೀಳುವ ಕೂಲಿಯನ್ನು ಮಾರಾಟಗಾರ ಹೂವಿನ ಬೆಲೆಯಲ್ಲಿಯೇ ವಸೂಲು ಮಾಡುತ್ತಾನೆ.

'ಪುವಾಂಗ್ ಮಲಾಯ್' ಎಂದು ಕರೆಯುವ ಇಲ್ಲಿನ ಹಾರಗಳಲ್ಲಿ ಮಲ್ಲಿಗೆಯೊಡನೆ ಎಕ್ಕದ ಮೊಗ್ಗು ಹಲವು ವೇಳೆ ಇರುತ್ತದೆ. ಕರ್ನಾಟಕದಲ್ಲಿ ಆಂಜನೇಯನ ಶನಿವಾರದ ಪೂಜೆಗೆ, ಗಣೇಶನ ಹಬ್ಬಕ್ಕೆ ಬೇಲಿಯ ಮೇಲಿನಿಂದ ಕಿತ್ತು ತರುವ ಎಕ್ಕಕ್ಕೆ ಥಾಯ್ ಭಾಷೆಯಲ್ಲಿ 'ದೋಕ್ ರಕ್' ಎಂದು ಹೆಸರು. 'ರಕ್' ಎಂದರೆ ಪ್ರೀತಿ ಎಂಬ ಅರ್ಥವೂ ಬರುವುದರಿಂದ ಮದುವೆಯ ಹಾರಕ್ಕೂ ಅದು ಮಂಗಳಕರ. ಬೇಲಿಯ ಗಿಡವೊಂದು ಹೆಸರಿನ ಬಲದಿಂದ ಸಗಟು ಪೇಟೆಯ ಸರಕಾಗಿ ಕುಳಿತಿದೆ. ಇಂತಹ ಸಂಗತಿಗಳನ್ನು ತಿಳಿಸಬಲ್ಲ ಮಾರ್ಗದರ್ಶಿ ಸಿಕ್ಕಿದರೆ ಕೊಟ್ಟ ಹಣ ಸಾರ್ಥಕ. 'ಇದು ಹೂವಿನ ಪೇಟೆ, ಚಿತ್ರ ತೆಗೆದುಕೊಳ್ಳಿ' ಎಂದು ಹತ್ತು ನಿಮಿಷ ನಿಲ್ಲಿಸಿ ಗಡಿಯಾರ ನೋಡುವವನಾದರೆ ಆತನ ಮನಸ್ಸು ಮುಂದಿನ ಅಂಗಡಿಯಲ್ಲಿದೆ ಎಂದೇ ತಿಳಿಯಬೇಕು.

ಪೇಟೆಯ ಇಂದಿನ ರೂಪದ ಬಗ್ಗೆ ಒಂದು ಮಾತು. 2016ರಲ್ಲಿ ಬ್ಯಾಂಕಾಕ್ ಮಹಾನಗರ ಆಡಳಿತವು ಪಾದಚಾರಿ ಮಾರ್ಗದ ಹೂವಿನ ವ್ಯಾಪಾರಿಗಳನ್ನು ತೆರವುಗೊಳಿಸಿತು. ಬಹಳಷ್ಟು ಮಂದಿ ಬದಿಯ ಕಟ್ಟಡಗಳ ಒಳಕ್ಕೆ ಸ್ಥಳಾಂತರಗೊಂಡರು. ಹಳೆಯ ಪ್ರವಾಸಿ ಪುಸ್ತಕಗಳಲ್ಲಿ ಕಾಣುವ ರಸ್ತೆಯುದ್ದಕ್ಕೂ ಹರಡಿದ ಹೂವಿನ ಚಿತ್ರ ಆ ಮೊದಲಿನದು.

ಒಂದೇ ಅಂಗಡಿಮುಂಗಟ್ಟು, ಎರಡು ಪಾಳಿ

ಹೂವಿನ ಪೇಟೆಯಿಂದ ಪೂರ್ವಕ್ಕೆ ಕೆಲವೇ ನಿಮಿಷಗಳ ನಡಿಗೆಯಲ್ಲಿ ಪಾಹುರತ್ ಬಡಾವಣೆ. ರಾಜ ಚುಲಾಲಂಕರಣನು ಬಾಲ್ಯದಲ್ಲಿಯೇ ತೀರಿಕೊಂಡ ತನ್ನ ಮಗಳ ಹೆಸರಿನಲ್ಲಿ 1898ರಲ್ಲಿ ಮಾಡಿಸಿದ ರಸ್ತೆ ಇದು. ಸಿಖ್ ಜವಳಿ ವರ್ತಕರು ಇಲ್ಲಿ ನೆಲೆಯೂರಿ ತಲೆಮಾರುಗಳೇ ಕಳೆದಿವೆ. ಚಿನ್ನದ ಬಣ್ಣದ ಗುಮ್ಮಟದ ಗುರುದ್ವಾರವು ದೂರದಿಂದಲೇ ಗುರುತು ಸಿಗುತ್ತದೆ. ಬಟ್ಟೆ ಅಂಗಡಿಗಳು ಸಂಜೆಗೆ ಬಾಗಿಲು ಹಾಕುವುದರಿಂದ ರಾತ್ರಿಯಲ್ಲಿ ಇಲ್ಲಿ ನೋಡುವುದು ಅಷ್ಟಾಗಿ ಇಲ್ಲ. ರೊಟ್ಟಿ, ಪಲ್ಯ, ಚಹಾ ಸಿಗುತ್ತದೆ ಎಂಬುದೇ ಕೆಲವರಿಗೆ ಸಾಕಾದೀತು.

ಇದಕ್ಕೆ ತಾಗಿಕೊಂಡೇ ಸಂಪೆಂಗ್ ಓಣಿ. 1782ರಲ್ಲಿ ಒಂದನೆಯ ರಾಮ ದೊರೆಯು ನದಿಯ ಪೂರ್ವದಡಕ್ಕೆ ರಾಜಧಾನಿಯನ್ನು ಸ್ಥಳಾಂತರಿಸಿದಾಗ, ಅರಮನೆ ಕಟ್ಟಬೇಕಾಗಿದ್ದ ಜಾಗದಲ್ಲಿ ವಾಸವಾಗಿದ್ದ ಚೀನೀ ವರ್ತಕರನ್ನು ಇಲ್ಲಿಗೆ ಕಳುಹಿಸಲಾಯಿತು. ಎತ್ತಂಗಡಿಯಾದವರು ಕಟ್ಟಿದ ಈ ಓಣಿ ಇಂದು ಗುಂಡಿ, ಲೇಸು, ಕೃತಕ ಆಭರಣ, ಆಟಿಕೆ, ಪೊಟ್ಟಣ ಸಾಮಗ್ರಿಗಳ ಸಗಟು ಕೇಂದ್ರ. ಇಲ್ಲಿನ ವಹಿವಾಟು ಹಗಲಿನದಾದುದರಿಂದ ಅದರ ಮಾತು ಮುಂದೆ ಬರುತ್ತದೆ.

ಸಂಪೆಂಗಿಗೆ ಸಮಾನಾಂತರವಾಗಿ ಯಾವೊರಾತ್ ರಸ್ತೆ ಹರಿದಿದೆ. 1890ರ ದಶಕದಲ್ಲಿ ನಿರ್ಮಾಣವಾದ, ಸುಮಾರು ಒಂದೂವರೆ ಕಿಲೋಮೀಟರ್ ಉದ್ದದ ಈ ರಸ್ತೆಯ ಎರಡೂ ಬದಿ ಚಿನ್ನದ ಅಂಗಡಿಗಳು. ಥಾಯ್ಲೆಂಡಿನ ಚಿನ್ನದ ವ್ಯಾಪಾರಿಗಳ ಸಂಘ ಪ್ರತಿದಿನ ಪ್ರಕಟಿಸುವ ದರವನ್ನು ಎಲ್ಲ ಅಂಗಡಿಗಳೂ ಫಲಕದಲ್ಲಿ ಹಾಕುತ್ತವೆ. ಕೊಳ್ಳುವ ದರ ಒಂದು, ಮಾರುವ ದರ ಇನ್ನೊಂದು. ಅಲ್ಲಿನ ತೂಕದ ಮಾನಕ್ಕೂ ಹಣದಂತೆಯೇ 'ಬಹ್ತ್' ಎಂದು ಹೆಸರು. ಗಟ್ಟಿ ಚಿನ್ನದಲ್ಲಿ ಒಂದು ಬಹ್ತ್ ಎಂದರೆ 15.244 ಗ್ರಾಂ, ಆಭರಣದಲ್ಲಿ 15.16 ಗ್ರಾಂ. ಪರಿಶುದ್ಧತೆ ಶೇಕಡಾ 96.5. ಒಂದು ಬಹ್ತ್ ತೂಕದ ಸರದಲ್ಲಿ ಇರುವ ಶುದ್ಧ ಚಿನ್ನ 14.63 ಗ್ರಾಂ ಎಂದಾಯಿತು. ಭಾರತದ 22 ಕ್ಯಾರೆಟ್ ಆಭರಣಕ್ಕೆ ಪರಿವರ್ತಿಸಿದರೆ ಅದು ಸುಮಾರು 15.96 ಗ್ರಾಮಿಗೆ ಸಮ. ಈ ಪರಿವರ್ತನೆ ಮಾಡದೆ ಗ್ರಾಮಿಗೆ ಗ್ರಾಂ ಹೋಲಿಸಿ 'ದುಬಾರಿ' ಎಂದೋ 'ಅಗ್ಗ' ಎಂದೋ ತೀರ್ಮಾನಿಸುವುದು ತಪ್ಪು. ಕೆಲವೇ ದಿನಗಳ ಪ್ರವಾಸ ಮುಗಿಸಿ ಮರಳುವ ಭಾರತೀಯರಿಗೆ ಆಭರಣದ ಸುಂಕ ವಿನಾಯಿತಿ ದೊರೆಯುವುದಿಲ್ಲ, ಅದು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಹೊರದೇಶದಲ್ಲಿ ವಾಸವಿದ್ದವರಿಗೆ ಎಂಬುದನ್ನೂ ನೆನಪಿಡಬೇಕು.

ಸಂಜೆಯ ಹೊತ್ತಿಗೆ ಚಿನ್ನದ ಅಂಗಡಿಗಳ ಬಾಗಿಲು ಇಳಿಯುತ್ತಿದ್ದಂತೆ ಅವುಗಳ ಮುಂದೆಯೇ ತಳ್ಳುಗಾಡಿ, ಒಲೆ, ಸ್ಟೂಲುಗಳು ಬಂದು ನಿಲ್ಲುತ್ತವೆ. ಹಗಲಿನಲ್ಲಿ ಸರ, ಬಳೆ ಮಾರಿದ ಅಂಗಡಿಯ ಮುಂಭಾಗವು ರಾತ್ರಿ ಶುಂಠಿ ಪಾಕದಲ್ಲಿ ಎಳ್ಳಿನ ಕಡುಬು ಮಾರುವ ಸ್ಥಳ. ಒಂದೇ ಜಾಗದಿಂದ ಎರಡು ಪಾಳಿಯ ದುಡಿಮೆ. ಭೂಮಿಯ ಬೆಲೆ ಏರಿದ ನಗರದಲ್ಲಿ ಜಾಗವನ್ನು ಹೀಗೆ ಗಂಟೆಗಳ ಮೇಲೆ ಹಂಚಿಕೊಳ್ಳುವುದು ಸಣ್ಣ ವ್ಯಾಪಾರಿಗೆ ಉಳಿದಿರುವ ದಾರಿ. ಬೀದಿ ಶುಚಿಗೊಳಿಸುವ ವಾರದ ದಿನವೆಂದು ಸೋಮವಾರ ಬಹಳಷ್ಟು ಗಾಡಿಗಳು ಬರುವುದಿಲ್ಲ. ಸಂಜೆಯ ಪ್ರವಾಸಕ್ಕೆ ಸೋಮವಾರವನ್ನು ಬಿಡುವುದು ಉತ್ತಮ.

ಸಸ್ಯಾಹಾರಿಗಳ ಪಾಡು ಇಲ್ಲಿ ಸ್ವಲ್ಪ ಕಷ್ಟವೇ. ತರಕಾರಿಯ ಬಾಣಲೆಗೂ ಮೀನಿನ ಸಾರವನ್ನೋ ಕಪ್ಪೆಚಿಪ್ಪಿನ ಸಾಸನ್ನೋ ಹಾಕುವುದು ಅಲ್ಲಿ ಉಪ್ಪು ಹಾಕಿದಷ್ಟೇ ಸಹಜ. ಎರಡು ಪದಗಳನ್ನು ಕಲಿತುಕೊಂಡರೆ ಅನುಕೂಲ. 'ಮಂಗ್‌ಸವಿರತ್' ಎಂದರೆ ಸಸ್ಯಾಹಾರ. ಸಂಸ್ಕೃತದ ಮಾಂಸವಿರತಿಯೇ ಅದು. 'ಜೇ' ಎಂಬುದು ಚೀನೀ ಬೌದ್ಧರ ಕಟ್ಟುನಿಟ್ಟಿನ ಪದ್ಧತಿ. ಅದರಲ್ಲಿ ಹಾಲು, ಮೊಟ್ಟೆಗಳಲ್ಲದೆ ಬೆಳ್ಳುಳ್ಳಿ, ಈರುಳ್ಳಿಯೂ ನಿಷಿದ್ಧ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದ ಗುರುತಿರುವ ಗಾಡಿಗಳಲ್ಲಿ ಇದು ಸಿಗುತ್ತದೆ. ಪ್ರತಿವರ್ಷ ಸೆಪ್ಟೆಂಬರ್ ಅಥವಾ ಅಕ್ಟೋಬರ್ ತಿಂಗಳಲ್ಲಿ ಬರುವ 'ಜೇ' ಹಬ್ಬದ ದಿನಗಳಲ್ಲಿ ಯಾವೊರಾತ್ ರಸ್ತೆಯೇ ಹಳದಿ ಬಾವುಟಗಳಿಂದ ತುಂಬಿಹೋಗುತ್ತದೆ. ಊಟದ ಈ ನಿಯಮವನ್ನು ಮಾರ್ಗದರ್ಶಿಗೆ ಮುಂಗಡ ಕೊಡುವ ದಿನವೇ ಬರೆದು ತಿಳಿಸಬೇಕು. ರಸ್ತೆಯಲ್ಲಿ ನಿಂತು ಹೇಳಿದರೆ ಕೊನೆಗೆ ಹಣ್ಣು, ಹುರಿದ ಚೆಸ್ಟ್‌ನಟ್‌ ಕಾಯಿಗಳಲ್ಲಿಯೇ ತೃಪ್ತಿಪಡಬೇಕಾದೀತು.

ಕಡಿಮೆ ದರದ ಲೆಕ್ಕ

ಈಗ ಆರಂಭದ ಪ್ರಶ್ನೆಗೆ ಬರಬಹುದು. ಇದೇ ಹಾದಿಯನ್ನು ಒಬ್ಬರು ಐದುನೂರು ಬಹ್ತ್‌ಗೆ ಹೇಗೆ ತೋರಿಸುತ್ತಾರೆ? ಲೆಕ್ಕಕ್ಕಾಗಿ ಊಹಿಸಿದ ಅಂಕಿಗಳನ್ನು ಇಟ್ಟುಕೊಂಡು ನೋಡೋಣ. ನಾಲ್ವರ ತಂಡ, ಮಾರ್ಗದರ್ಶಿಯ ಸಂಭಾವನೆ 2,000 ಬಹ್ತ್, ವಾಹನ 1,500, ತಿಂಡಿ ತಿನಿಸು ತಲೆಗೆ 300ರಂತೆ 1,200, ದೋಣಿ ಇತ್ಯಾದಿ 300. ಒಟ್ಟು ಅಸಲು 5,000. ಗಿರಾಕಿಯನ್ನು ಒದಗಿಸಿದ ಹೋಟೆಲ್ ಅಥವಾ ಅಂತರಜಾಲ ಮಧ್ಯವರ್ತಿ ಮಾರಾಟ ದರದ ಮೇಲೆ ಶೇಕಡಾ 20 ದಲ್ಲಾಳಿ ಹಿಡಿದರೆ, ಲಾಭವೇ ಇಲ್ಲದೆ ಮಾರಿದರೂ ದರ 6,250 ಆಗಬೇಕು. ತಲೆಗೆ 1,560ಕ್ಕೂ ಮೇಲೆ. ತಲೆಗೆ 500ರಂತೆ ಮಾರಿದಾಗ ಬರುವುದು 2,000. ದಲ್ಲಾಳಿ ಕಳೆದು ಕೈಸೇರುವುದು 1,600. ಕೊರತೆ 3,400 ಬಹ್ತ್. ಈ ಕೊರತೆಯನ್ನು ಯಾರಾದರೊಬ್ಬರು ತುಂಬಲೇಬೇಕು. ಅಂಗಡಿಯೊಂದು ಮಾರಾಟದ ಮೇಲೆ ಶೇಕಡಾ 30 ಕಮಿಷನ್ ಕೊಡುವುದಾದರೆ, ಆ ನಾಲ್ವರು 11,300 ಬಹ್ತ್‌ಗೂ ಮಿಗಿಲಾದ ಸರಕನ್ನು ಅಲ್ಲಿ ಕೊಂಡಾಗಲಷ್ಟೇ ಪ್ರವಾಸದ ಅಸಲು ಹುಟ್ಟುತ್ತದೆ. ಆ ಅಂಗಡಿಯ ಬೆಲೆಯಲ್ಲಿ ಶೇಕಡಾ 30 ಮೊದಲೇ ಕೂಡಿಕೊಂಡಿರುತ್ತದೆ ಎಂಬುದನ್ನು ವರ್ತಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇದು ಬರಿಯ ಊಹೆಯ ಮಾತಲ್ಲ. ಅಸಲಿಗಿಂತ ಕಡಿಮೆ ದರಕ್ಕೆ ಪ್ರವಾಸ ಮಾರಿ, ನಿಗದಿತ ಅಂಗಡಿಗಳಲ್ಲಿ ಖರೀದಿಗೆ ಒತ್ತಾಯಿಸಿ ಹಣ ತೆಗೆಯುವ ಪದ್ಧತಿಗೆ 'ಶೂನ್ಯ ಡಾಲರ್ ಪ್ರವಾಸ' ಎಂದೇ ಹೆಸರು ಬಿದ್ದಿದೆ. ಚೀನಾ ಸರ್ಕಾರವು 2013ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ತನ್ನ ಪ್ರವಾಸೋದ್ಯಮ ಕಾನೂನಿನಲ್ಲಿ ಅಸಹಜ ಕಡಿಮೆ ದರದ ಪ್ರವಾಸಗಳನ್ನೂ ಅಂಗಡಿಗಳ ಕಮಿಷನ್ ವ್ಯವಹಾರವನ್ನೂ ನಿಷೇಧಿಸಿತು. ಥಾಯ್ಲೆಂಡ್ 2016ರಲ್ಲಿ ಇಂತಹ ಸಂಸ್ಥೆಗಳ ವಿರುದ್ಧ ದೊಡ್ಡ ಪ್ರಮಾಣದ ಕಾರ್ಯಾಚರಣೆ ನಡೆಸಿತು. ದೊಡ್ಡ ಬಸ್ಸುಗಳ ಮಟ್ಟದಲ್ಲಿ ನಡೆಯುವುದೇ ಟುಕ್‌ಟುಕ್ ಎಂಬ ಮೂರು ಚಕ್ರದ ವಾಹನದ ಮಟ್ಟದಲ್ಲಿಯೂ ನಡೆಯುತ್ತದೆ. ಇಪ್ಪತ್ತು ಬಹ್ತ್‌ಗೆ ಊರು ಸುತ್ತಿಸುವೆನೆನ್ನುವ ಚಾಲಕನಿಗೆ ದರ್ಜಿಯ ಅಂಗಡಿಯವರೋ ರತ್ನದ ಅಂಗಡಿಯವರೋ ಪೆಟ್ರೋಲ್ ಕೂಪನ್ ಕೊಡುತ್ತಾರೆ. ಗಿರಾಕಿ ಒಳಗೆ ಕಾಲಿಟ್ಟರೆ ಸಾಕು, ಕೊಳ್ಳದಿದ್ದರೂ ಕೂಪನ್ ಸಿಗುತ್ತದೆ.

ರತ್ನದ ವಂಚನೆಯಂತೂ ದಶಕಗಳಷ್ಟು ಹಳೆಯದು. ಅರಮನೆಯ ಬಳಿ ಸಭ್ಯ ವ್ಯಕ್ತಿಯೊಬ್ಬ ಎದುರಾಗಿ 'ಇಂದು ಅರಮನೆಗೆ ರಜೆ' ಎನ್ನುತ್ತಾನೆ. ವಾಸ್ತವವಾಗಿ ಅದು ಸಾಮಾನ್ಯವಾಗಿ ವಾರದ ಎಲ್ಲ ದಿನಗಳಲ್ಲಿಯೂ ತೆರೆದಿರುತ್ತದೆ. ಅಗ್ಗದ ವಾಹನವೊಂದು ತಕ್ಷಣ ಸಿಗುತ್ತದೆ. ದಾರಿಯ ದೇವಾಲಯದಲ್ಲಿ ಇನ್ನೊಬ್ಬ ಸಭ್ಯ ವ್ಯಕ್ತಿ 'ಸರ್ಕಾರದ ತೆರಿಗೆರಹಿತ ಮಾರಾಟ ಇಂದೇ ಕೊನೆ' ಎನ್ನುತ್ತಾನೆ. ಅಂಗಡಿಯಲ್ಲಿ ಸಿಗುವ ಕಲ್ಲು ಹಲವು ವೇಳೆ ನಕಲಿಯೂ ಆಗಿರುವುದಿಲ್ಲ. ಕೀಳು ದರ್ಜೆಯ ನಿಜವಾದ ಕಲ್ಲಿಗೆ ಹಲವು ಪಟ್ಟು ಬೆಲೆ. ಊರಿಗೆ ಒಯ್ದು ಮಾರಿದರೆ ದುಪ್ಪಟ್ಟು ಲಾಭ ಎಂಬುದೇ ಇಲ್ಲಿನ ಗಾಳ. ಆ ಗಾಳ ಹೆಣೆದಿರುವುದು ಲಾಭದ ಮಾತಿಗೆ ಕಿವಿಗೊಡುವವರಿಗಾಗಿ. ಹಾಗಾಗಿ ವರ್ತಕರು ಇದಕ್ಕೆ ಸಿಲುಕುವ ಸಂಭವ ಉಳಿದ ಪ್ರವಾಸಿಗಳಿಗಿಂತ ಕಡಿಮೆಯೇನಲ್ಲ. ರತ್ನ ಕೊಳ್ಳುವ ಉದ್ದೇಶವೇ ಇದ್ದಲ್ಲಿ ಜೆಮ್ ಅಂಡ್ ಜ್ಯುವೆಲ್ರಿ ಇನ್‌ಸ್ಟಿಟ್ಯೂಟ್ ಆಫ್ ಥಾಯ್ಲೆಂಡ್ ಸಂಸ್ಥೆಯ ಪರೀಕ್ಷಾಲಯದಲ್ಲಿ ಪರೀಕ್ಷೆ ಮಾಡಿಸಿದ ನಂತರವೇ ಹಣ ಕೊಡುವ ಷರತ್ತು ಹಾಕಬಹುದು. ಷರತ್ತಿಗೆ ಒಪ್ಪದ ಅಂಗಡಿಯಿಂದ ಎದ್ದು ಬರುವುದಕ್ಕೆ ಸಂಕೋಚ ಬೇಕಿಲ್ಲ.

ಆದುದರಿಂದ ಖಾಸಗಿ ಪ್ರವಾಸದ ಒಪ್ಪಂದದಲ್ಲಿ ದರಕ್ಕಿಂತ ಮುಖ್ಯವಾದ ಸಾಲು ಒಂದಿದೆ: 'ಯಾವುದೇ ಅಂಗಡಿಗೆ ಕರೆದೊಯ್ಯತಕ್ಕದ್ದಲ್ಲ'. ಇದನ್ನು ಬರಹದಲ್ಲಿ ಕೊಡಲು ಹಿಂಜರಿಯುವ ಸಂಸ್ಥೆಯ ಆದಾಯ ಎಲ್ಲಿಂದ ಬರುತ್ತಿದೆ ಎಂಬುದು ಅಲ್ಲಿಯೇ ಸ್ಪಷ್ಟ. ಹೊರಡುವ ಹಾಗೂ ಮುಗಿಯುವ ಸ್ಥಳ, ವೇಳೆ ಮೀರಿದರೆ ಗಂಟೆಗೆ ಎಷ್ಟು, ವಾಹನ ಯಾವುದು, ಊಟದಲ್ಲಿ ಏನೇನು ಸೇರಿದೆ ಎಂಬುವೂ ಅದೇ ಹಾಳೆಯಲ್ಲಿರಲಿ. ರಾತ್ರಿ ಮನರಂಜನೆಯ ಕೇಂದ್ರಕ್ಕೆ 'ಐದೇ ನಿಮಿಷ' ಎಂದು ತಿರುಗಿಸಿ, ಹೊರಬರುವಾಗ ಸಾವಿರಾರು ಬಹ್ತ್‌ಗಳ ಬಿಲ್ಲು ಚಾಚುವ ಪ್ರಸಂಗಗಳಿಗೂ ಇದೇ ಸಾಲು ತಡೆ. ತಕರಾರು ಬಂದಲ್ಲಿ ಪ್ರವಾಸಿ ಪೊಲೀಸರ ದೂರವಾಣಿ ಸಂಖ್ಯೆ 1155. ಈ ಸಂಜೆಯ ಖರ್ಚನ್ನು ವ್ಯಾಪಾರದ ಖಾತೆಗೆ ಹಾಕಬಹುದೇ ಎಂಬುದನ್ನು ಮಾತ್ರ ಊರಿನ ಲೆಕ್ಕಪರಿಶೋಧಕರಲ್ಲಿಯೇ ಕೇಳುವುದು ಲೇಸು.

ಮರುದಿನದ ಬೆಳಗು

ವರ್ತಕರ ಪಾಲಿಗೆ ಹೆಚ್ಚಿನ ನಷ್ಟದ ಸಾಧ್ಯತೆ ಇರುವುದು ಸಂಜೆ ಮುಗಿದ ಮೇಲೆ. ನಾಲ್ಕು ಗಂಟೆ ಜೊತೆಯಲ್ಲಿ ನಡೆದು, ಕಷ್ಟಸುಖ ಮಾತನಾಡಿದ ಮಾರ್ಗದರ್ಶಿಯ ಮೇಲೆ ವಿಶ್ವಾಸ ಮೂಡುವುದು ಸ್ವಾಭಾವಿಕ. 'ನಾಳೆ ಸಂಪೆಂಗಿನಲ್ಲಿ ಒಳ್ಳೆಯ ಸಗಟು ಅಂಗಡಿ ತೋರಿಸುವೆಯಾ?' ಎಂಬ ಪ್ರಶ್ನೆ ಬರುವುದು ಆಗಲೇ. ಆ ಕ್ಷಣದಿಂದ ಪ್ರವಾಸಿ ಗಿರಾಕಿಯಾಗುತ್ತಾನೆ, ಮಾರ್ಗದರ್ಶಿ ದಲ್ಲಾಳಿಯಾಗುತ್ತಾನೆ. ಆದರೆ ಯಾರ ಪರವಾದ ದಲ್ಲಾಳಿ ಎಂಬುದು ಮಾತ್ರ ಇತ್ಯರ್ಥವಾಗಿರುವುದಿಲ್ಲ.

ಮತ್ತೆ ಊಹೆಯ ಲೆಕ್ಕವೇ. ಕೃತಕ ಆಭರಣದ 3,00,000 ಬಹ್ತ್‌ಗಳ ಖರೀದಿಯ ಮೇಲೆ ಅಂಗಡಿಯವನು ಶೇಕಡಾ 5 ಕೊಟ್ಟರೆ 15,000 ಬಹ್ತ್. ಹಿಂದಿನ ಸಂಜೆಯ ಪ್ರವಾಸದ ಪೂರ್ಣ ದರಕ್ಕಿಂತ ಇದು ಎರಡು ಪಟ್ಟಿಗೂ ಹೆಚ್ಚು. ಊರಿಗೆ ಮರಳಿ ದೂರವಾಣಿಯ ಮೂಲಕ ಮತ್ತೆ ಸರಕು ತರಿಸಿಕೊಂಡಾಗಲೂ ಆ ಶೇಕಡಾ 5 ಬಿಲ್ಲಿನೊಳಗೆ ಮೌನವಾಗಿ ಮುಂದುವರಿಯಬಹುದು. ಸಂಜೆಯ ಪ್ರವಾಸದಲ್ಲಿ ಒಂದು ಸಾವಿರ ಉಳಿಸಿದ ತೃಪ್ತಿಗೆ ತೆರುವ ಬೆಲೆ ಇದಾಗಿರುತ್ತದೆ.

ಸಂಪೆಂಗಿನ ವ್ಯಾಪಾರಕ್ಕೆ ನಿಜವಾಗಿ ದುಭಾಷಿ ಬೇಕೇ ಎಂಬುದೂ ವಿಚಾರಾರ್ಹ. ಅಲ್ಲಿ ಬಿಡಿ ದರ ಒಂದು, ಮೂರು ಅಥವಾ ಆರು ನಗ ಕೊಂಡರೆ ಇನ್ನೊಂದು, ಡಜನ್ ಮೀರಿದರೆ ಮತ್ತೊಂದು. ಹಲವೆಡೆ ಈ ದರಗಳನ್ನು ಸರಕಿನ ಮೇಲೆಯೇ ಬರೆದಿರುತ್ತಾರೆ. ಉಳಿದ ಮಾತುಕತೆ ಕ್ಯಾಲ್ಕುಲೇಟರಿನ ಮೇಲೆ ಬೆರಳಾಡಿಸಿದರೆ ಮುಗಿಯುತ್ತದೆ. ಮಾದರಿ, ಪೊಟ್ಟಣ, ಸಾಗಣೆ ಇತ್ಯಾದಿ ಸೂಕ್ಷ್ಮಗಳಿಗೆ ದುಭಾಷಿ ಅಗತ್ಯವೆನಿಸಿದರೆ ಆತನಿಗೆ ದಿನಗೂಲಿಯನ್ನು ಪ್ರತ್ಯೇಕವಾಗಿ, ತುಸು ಧಾರಾಳವಾಗಿಯೇ ಗೊತ್ತುಮಾಡಿ, ಅಂಗಡಿಯವರಿಂದ ಏನನ್ನೂ ಪಡೆಯಕೂಡದೆಂದು ಮೊದಲೇ ಹೇಳುವುದು ಒಂದು ಕ್ರಮ. ಮೊದಲ ದಿನ ದುಭಾಷಿಯೊಡನೆ ಹೋಗಿ ದರಪಟ್ಟಿ ಪಡೆದು, ಎರಡನೆಯ ದಿನ ಒಬ್ಬರೇ ಹೋಗಿ ಅದೇ ಸರಕಿನ ದರ ಕೇಳುವುದು ಇನ್ನೊಂದು ಕ್ರಮ. ಎರಡೂ ದರಗಳ ಅಂತರ ಎಲ್ಲವನ್ನೂ ತಿಳಿಸುತ್ತದೆ. ಪ್ರಾಮಾಣಿಕ ಮಾರ್ಗದರ್ಶಿಗಳ ಸಂಖ್ಯೆ ಕಡಿಮೆಯೇನಲ್ಲ. ಅಂತಹವರು ಈ ಪರೀಕ್ಷೆಯಿಂದ ಮುನಿಸಿಕೊಳ್ಳುವುದಿಲ್ಲ, ಮುಂದಿನ ಬಾರಿಯೂ ಅವರನ್ನೇ ಕರೆಯಬಹುದು.

ಮಾರ್ಗದರ್ಶಿಯೇ ಬೇಡವೆನ್ನುವವರಿಗೂ ಈ ಹಾದಿ ದುರ್ಗಮವಲ್ಲ. 2019ರಲ್ಲಿ ನೆಲದಡಿಯ ರೈಲುಮಾರ್ಗ ಹಳೆಯ ಪೇಟೆಯವರೆಗೆ ವಿಸ್ತರಣೆಗೊಂಡಿತು. ಸನಾಮ್ ಚಾಯ್ ನಿಲ್ದಾಣದಲ್ಲಿ ಇಳಿದರೆ ವಾಟ್ ಪೋ ಮತ್ತು ಹೂವಿನ ಪೇಟೆ ನಡಿಗೆಯ ದೂರದಲ್ಲಿವೆ. ಯಾವೊರಾತ್ ಮುಗಿಸಿ ವಾಟ್ ಮಂಗ್‌ಕೋನ್ ನಿಲ್ದಾಣದಲ್ಲಿ ಮತ್ತೆ ರೈಲು ಹತ್ತಬಹುದು. ರೈಲುಗಳು ಸುಮಾರು ಮಧ್ಯರಾತ್ರಿಯವರೆಗೆ ಓಡುತ್ತವೆ. ಹಾಗೆ ಹೋದವರಿಗೆ ಮಲ್ಲಿಗೆಯನ್ನು ಲೀಟರಿನಲ್ಲಿ ಅಳೆಯುವುದು ಏಕೆಂದು ಹೇಳುವವರು ಇರುವುದಿಲ್ಲ, ಅಷ್ಟೇ.